ಮಡಿಗೆ ಬಂದ ತಂತಿ

ಕಾವ್ಯ ಓದಲು ಕೂತವರು ಮೊದಲು ಗಣಪತಿಯನ್ನು, ಆಮೇಲೆ ಶಾರದೆಯನ್ನು ನೆನೆದು, ಮೂರನೆಯದಾಗಿ ಸಭೆಯಲ್ಲಿರುವ ಸಜ್ಜನರ ಕಿವಿಗಳಿಗೆ ಕೈಮುಗಿಯುವುದು ವಾಡಿಕೆ. ಈ ಕಥೆಗೆ ನಾಲ್ಕನೆಯ ನಮಸ್ಕಾರವೊಂದು ಬೇಕು. ಅದು ಐದಡಿ ಉದ್ದದ ಒಂದು ತಂತಿಗೆ. ಒಂದು ತುದಿಯಲ್ಲಿ ಎರಡು ಕವಲು, ಇನ್ನೊಂದು ತುದಿಯಲ್ಲಿ ಒಂದು ಪಿನ್ನು, ನೋಡಲು ಇಷ್ಟೇ. ಇಷ್ಟರಲ್ಲೇ ಅದು ಬಸವನಗುಡಿಯ ಒಂದು ಮರ್ಯಾದಸ್ಥ ಮನೆಯ ಭಾನುವಾರವನ್ನು ಹೇಗೆ ಹಾಳುಮಾಡಿತೆಂಬುದನ್ನು ಸಾವಧಾನವಾಗಿ ಕೇಳಬೇಕು.

ಆ ಮನೆಯ ಯಜಮಾನ ರಾಮಸ್ವಾಮಿ. ವಯಸ್ಸು ಐವತ್ತು. ಇಪ್ಪತ್ತೇಳು ವರ್ಷದಿಂದ ಬ್ಯಾಂಕಿನಲ್ಲಿ ಅವನ ಕೆಲಸ ಒಂದೇ: ಚೆಕ್ಕಿನ ಮೇಲಿನ ಸಹಿಯನ್ನು ಕಾರ್ಡಿನ ಮೇಲಿನ ಸಹಿಯ ಜೊತೆ ತಾಳೆ ನೋಡುವುದು. ಆದ್ದರಿಂದ ಅನುಮಾನವೆಂಬುದು ಅವನಿಗೆ ದುರಭ್ಯಾಸವಲ್ಲ, ಉದ್ಯೋಗ. ಬಲಗೈ ಮುರಿದು ಎಡಗೈಯಲ್ಲಿ ಸಹಿ ಹಾಕಿದ ಗಿರಾಕಿಯೊಬ್ಬರು ಪ್ಲಾಸ್ಟರು ಹಾಕಿದ ಕೈಯನ್ನು ಕೌಂಟರಿನ ಮೇಲಿಟ್ಟು ತೋರಿಸಿದಾಗ, "ಪ್ಲಾಸ್ಟರು ಯಾರು ಬೇಕಾದ್ರೂ ಹಾಕಿಸ್ಕೋಬಹುದು ಸ್ವಾಮಿ" ಎಂದವನು ಅವನು. ಈ ಗುಣ ಮೊದಲಿನಿಂದಲೂ ಇತ್ತು. ಮದುವೆಯ ದಿನ ಪುರೋಹಿತರು ಹಾಡುಹಗಲಲ್ಲಿ ಆಕಾಶಕ್ಕೆ ಬೆರಳು ಮಾಡಿ "ಅಗೋ ಅರುಂಧತಿ" ಎಂದಾಗ, ಇಪ್ಪತ್ತು ತಲೆಮಾರಿನ ಗಂಡುಗಳು ತೆಪ್ಪಗೆ ತಲೆಯಾಡಿಸಿದ ಜಾಗದಲ್ಲಿ ನಿಂತು, "ಎಲ್ಲಿ? ನನಗೇನೂ ಕಾಣಿಸ್ತಿಲ್ವಲ್ಲ" ಎಂದುಬಿಟ್ಟಿದ್ದ. ಹೆಂಡತಿ ಜಾನಕಿ ಅದನ್ನು ಇನ್ನೂ ಮರೆತಿಲ್ಲ.

ಇಂಥ ಮನುಷ್ಯನ ಬದುಕಿನಲ್ಲಿ ತಾಳೆಯಾಗದೆ ಉಳಿದ ಬಾಬತ್ತು ಒಂದೇ ಒಂದಿತ್ತು. ಅದೊಂದು ಸದ್ದು. "ಟಪ್."

ರಾಮಸ್ವಾಮಿಯ ತಂದೆ ಶ್ರೀನಿವಾಸಯ್ಯನವರು ಹೆಸರಾದ ಗಮಕಿಗಳು. ಅವರು ಷಟ್ಪದಿ ಓದಲು ಕೂತರೆ ಬೀದಿಯಲ್ಲಿ ಹೋಗುವ ಸೊಪ್ಪಿನವಳೂ ಬುಟ್ಟಿ ಇಳಿಸಿ ಕೂರುತ್ತಿದ್ದಳು. ಆದರೆ ಇನ್ನೊಬ್ಬರನ್ನು ಮೆಚ್ಚುವುದರಲ್ಲಿ ಮಹಾ ಜಿಪುಣರು. ಬಾಯಿಬಿಟ್ಟು ಹೊಗಳಿದ್ದೇ ಇಲ್ಲ. ತುಂಬಾ ತುಂಬಾ ಮೆಚ್ಚಿದರೆ ತೊಡೆಯನ್ನು ಒಂದು ಸಲ ತಟ್ಟುತ್ತಿದ್ದರು, ಅಷ್ಟೇ. ಊರವರ ನೆನಪಿನಲ್ಲಿ ಅಂಥ ಭಾಗ್ಯ ಇಬ್ಬರಿಗೆ ಸಿಕ್ಕಿತ್ತು: ಹಾಸನದ ಕಡೆಯಿಂದ ಬಂದಿದ್ದ ಒಬ್ಬ ವೃದ್ಧ ವಿದ್ವಾಂಸರಿಗೆ ಮತ್ತು ದೇವಸ್ಥಾನದ ನಾಗಸ್ವರದವನಿಗೆ.

ಎಪ್ಪತ್ತನಾಲ್ಕನೇ ಇಸವಿಯ ರಾಮನವಮಿಯಂದು ಇದೇ ಮನೆಯ ನಡುಮನೆಯಲ್ಲಿ ಇಪ್ಪತ್ತು ವರ್ಷದ ರಾಮಸ್ವಾಮಿ ಮೊದಲ ಸಲ ಹತ್ತು ಜನರ ಎದುರು ಪದ್ಯ ಓದಿದ. ಅಪ್ಪ ಎಂದಿನಂತೆ ಕಂಬಕ್ಕೆ ಒರಗಿ ಕೂತಿದ್ದರು. ಸೋದರಮಾವ ಎಲ್ಲಿಂದಲೋ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಮನೆಗೆಲ್ಲ ಒಂದೇ ಪ್ಲಗ್ಗು, ಅದೂ ಅಡುಗೆಮನೆ ಬಾಗಿಲ ಪಕ್ಕದಲ್ಲಿ ಇದ್ದದ್ದರಿಂದ ಯಂತ್ರವನ್ನು ಅಲ್ಲೇ ನೆಲದ ಮೇಲಿಟ್ಟಿದ್ದ. ಕೊನೆಯ ಪದ್ಯವನ್ನು ರಾಮಸ್ವಾಮಿ ಕಣ್ಣು ಮುಚ್ಚಿಕೊಂಡು ಮೋಹನ ರಾಗದಲ್ಲಿ ಮುಗಿಸಿದ. ಕಣ್ಣು ಬಿಟ್ಟಾಗ ಅಪ್ಪ "ಪಾನಕ ತನ್ನಿ" ಎನ್ನುತ್ತಿದ್ದರು. ಅಷ್ಟೇ. ಮುಂದಿನ ವರ್ಷ ಅವರು ತೀರಿಕೊಂಡರು. ರಾಮಸ್ವಾಮಿ ಮತ್ತೆ ಓದಲಿಲ್ಲ, ಕೇಳುವವನಾಗಿ ಉಳಿದ.

ಆದರೆ ಆ ಕ್ಯಾಸೆಟ್ಟಿನಲ್ಲಿ, ಪದ್ಯ ಮುಗಿದು ಪಾನಕ ಬರುವ ನಡುವಿನ ಮೌನದಲ್ಲಿ, ಸಣ್ಣಗೆ ಒಂದು "ಟಪ್" ಇದೆ. ಅಪ್ಪ ತೊಡೆ ತಟ್ಟಿದ್ದೋ? ಅಥವಾ ಸೊಳ್ಳೆ ಹೊಡೆದದ್ದೋ? ಮೂವತ್ತು ವರ್ಷದಿಂದ ರಾಮಸ್ವಾಮಿಗೆ ಇದೊಂದೇ ಪ್ರಶ್ನೆ. ಅಂದು ನಡುಮನೆಯಲ್ಲಿದ್ದ ಸೋದರಮಾವನನ್ನು ಕೇಳಿದ್ದ, ಎದುರು ಮನೆಯ ಮೇಷ್ಟ್ರನ್ನು ಕೇಳಿದ್ದ. ಇಬ್ಬರೂ ಕೋಸಂಬರಿ ಚೆನ್ನಾಗಿತ್ತು ಎಂದರೇ ಹೊರತು ಬೇರೇನೂ ಹೇಳಲಿಲ್ಲ.

ಹೀಗಿರುವಾಗ ಎರಡು ಸಾವಿರದ ನಾಲ್ಕರಲ್ಲಿ, ಚಾಮರಾಜಪೇಟೆಯಲ್ಲಿ ಭಕ್ತಿಗೀತೆಗಳ ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದ ಪರಮಶಿವಯ್ಯನವರು ಅಂಗಡಿ ಮುಚ್ಚಿದರು. ಗಮಕದ ಸಭೆಗಳಲ್ಲಿ ಸದಾ ಪಕ್ಕದಲ್ಲಿ ಕೂರುತ್ತಿದ್ದ ರಾಮಸ್ವಾಮಿಯನ್ನು ಕರೆದು, ಜರ್ಮನಿಯ ಒಂದು ಹೆಡ್‌ಫೋನನ್ನು ಕೈಗಿಟ್ಟರು.

"ಇದು ಬಹಳ ದೊಡ್ಡ ಸಾಮಾನು ರಾಮಸ್ವಾಮಿ. ಹಾಡೋನು ಎಂಜಲು ನುಂಗಿದ್ರೂ ಕೇಳಿಸತ್ತೆ. ಕೇಳೋರ ಹತ್ರ ಇರ್ಲಿ ಅಂತ ನಿಮಗೆ ಕೊಡ್ತಿದೀನಿ."

"ಅಷ್ಟು ಒಳ್ಳೇದಾದ್ರೆ ಯಾಕೆ ಕೊಡ್ತಿದೀರಿ?" ಎಂದ ರಾಮಸ್ವಾಮಿ.

ಪರಮಶಿವಯ್ಯನವರು ಈ ಮನುಷ್ಯನನ್ನು ಬಲ್ಲವರು. "ತಂತಿ ಹೋಗಿದೆ. ಎಡಗಿವಿ ಬಂದು ಬಂದು ಹೋಗತ್ತೆ. ಕಂಪನಿ ತಂತಿ ಈಗ ಸಿಗಲ್ಲ, ಹೊರಗಿಂದು ಹಾಕಿಸ್ಕೋಬೇಕು. ನೋಡಿ ಆರಿಸಿ, ಎಲ್ಲಾ ತಂತೀಲೇ ಇರೋದು."

ಕೊನೆಯ ಮಾತನ್ನು ಅವರು ಸುಮ್ಮನೆ ಅಂದಿದ್ದರು. ರಾಮಸ್ವಾಮಿ ಅದನ್ನು ಮನಸ್ಸಿಗೆ ಹಚ್ಚಿಕೊಂಡ. ಎಂಜಲು ನುಂಗಿದ್ದು ಕೇಳಿಸುವುದಾದರೆ ತೊಡೆ ಯಾವುದು ಸೊಳ್ಳೆ ಯಾವುದು ಎಂದು ತಿಳಿಯದೇ ಇದ್ದೀತೇ?

ಮೊದಲು ದಂಡು ಪ್ರದೇಶದ, ಏಸಿ ಹಾಕಿದ ಒಂದು ಆಡಿಯೋ ಅಂಗಡಿಗೆ ಹೋದ. ಅಲ್ಲಿ ಚಪ್ಪಲಿ ಹೊರಗೆ ಬಿಡಬೇಕೆಂದರು. ದೇವಸ್ಥಾನ ಬಿಟ್ಟು ಬೇರೆಡೆ ಚಪ್ಪಲಿ ಬಿಡಿಸುವವರ ಮೇಲೆ ಅವನಿಗೆ ಆಗಲೇ ಅನುಮಾನ ಬಂತು. ಟೈ ಕಟ್ಟಿದ ಹುಡುಗನೊಬ್ಬ ವೆಲ್ವೆಟ್ ಪೆಟ್ಟಿಗೆ ತೆರೆದು ಪಿಸುಮಾತಿನಲ್ಲಿ ಹೇಳಿದ:

"ಅಪ್ಪಟ ಬೆಳ್ಳಿ ಸಾರ್. ಮೇಲ್ಗಡೆ ಪ್ಯೂರ್ ಸಿಲ್ಕ್. ಇದ್ರಲ್ಲಿ ಕೇಳಿದ್ರೆ ಸೌಂಡ್ ಸುತ್ತ ಗಾಳಿ ಇರತ್ತೆ. ಹಿನ್ನೆಲೆ ಪೂರ್ತಿ ಕಪ್ಪಾಗಿರತ್ತೆ."

"ಕಿವಿಗೆ ಕಪ್ಪು ಬಿಳುಪು ಎಲ್ಲಿಂದ ಬಂತಪ್ಪ?"

"ಮನೇಗೆ ತಗೊಂಡ್ಹೋಗಿ ಕೇಳಿ ಸಾರ್. ಸೋಮವಾರದ ತನಕ ಟ್ರಯಲ್ಲು. ಇಷ್ಟವಾದ್ರೆ ಹದಿನಾಲ್ಕು ಸಾವಿರ, ಇಲ್ದಿದ್ರೆ ವಾಪಸ್ ಕೊಡಿ. ಇಗೋ, ಒಳಗಿನ ಬೆಳ್ಳೀದೂ ಒಂದು ಇಂಚು ಸ್ಯಾಂಪಲ್ಲು, ಬೇಕಾದ್ರೆ ಇಟ್ಕೊಳಿ."

ಕಾಸಿಲ್ಲದೆ ಕೊಟ್ಟ ಮೇಲಂತೂ ಇದರಲ್ಲಿ ಮೋಸವಿದೆ ಎಂಬುದು ಖಾತ್ರಿಯಾಗಿ, ರಾಮಸ್ವಾಮಿ ಅಲ್ಲಿಂದ ನೆಟ್ಟಗೆ ಎಸ್.ಪಿ. ರಸ್ತೆಗೆ ಹೋದ. ಅಲ್ಲಿ ಮೆಟ್ಟಿಲ ಕೆಳಗೆ ಬೆಸುಗೆ ಕಡ್ಡಿ ಹಿಡಿದು ಕೂತಿದ್ದ ಮುನೇಶ ಹೆಡ್‌ಫೋನು ನೋಡಿ, ಕಾಲು ಗಂಟೆಯಲ್ಲಿ ತಾಮ್ರದ ತಂತಿಯೊಂದನ್ನು ತಯಾರಿಸಿ ಮುಂದಿಟ್ಟ.

"ನೂರಿಪ್ಪತ್ತು ಕೊಡಿ ಸಾರ್."

"ಬೆಳ್ಳಿಗೂ ಇದಕ್ಕೂ ಏನು ವ್ಯತ್ಯಾಸ?"

"ಕರೆಂಟಿಗೆ ಜಾತಿ ಇಲ್ಲ ಸಾರ್. ಎಲ್ಲಿ ದಾರಿ ಬಿಟ್ರೆ ಅಲ್ಲಿ ಹೋಗ್ತದೆ."

"ಮೇಲೆ ಬೆಳ್ಳಗೆ ಹೊದಿಸಿದೀಯಲ್ಲ, ಏನಿದು?"

"ಬೂಟಿನ ಲಾಡಿ ಸಾರ್. ಇಸ್ಕೂಲ್ ಮಕ್ಳ ಕ್ಯಾನ್ವಾಸ್ ಬೂಟಿಂದು. ಹೊಸಾದೇ, ಯಾರ ಕಾಲಿಗೂ ಹಾಕಿಲ್ಲ. ಲುಕ್ ಇರ್ಲಿ ಅಂತ."

ಹೀಗೆ ರಾಮಸ್ವಾಮಿಯ ಮೇಜಿನ ಮೇಲೆ ಎರಡು ತಂತಿಗಳು ಬಂದು ಮಲಗಿದವು. ಎರಡೂ ಬಿಳಿ. ಮೂರು ಸಂಜೆ ಅವನು ಒಂದನ್ನು ಬಿಚ್ಚಿ ಇನ್ನೊಂದನ್ನು ಸಿಕ್ಕಿಸಿ ಕೇಳಿದ, ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಎಳೆದು ಬರೆದ. ತಾಮ್ರ: ಟಪ್. ಬೆಳ್ಳಿ: ಟಪ್. ತಾಮ್ರ: ಟಪ್. ಬೆಳ್ಳಿ: ಟಪ್ಪ್ (?). ಕಾಫಿ ತಂದ ಜಾನಕಿ ಇಣುಕಿ ನೋಡಿ, "ಬ್ಯಾಂಕಲ್ಲಿ ಈಗ ಇದನ್ನೂ ಬರೆಸ್ತಾರಾ?" ಎಂದು ಕೇಳಿ ಲೋಟ ಇಟ್ಟು ಒಳಗೆ ಹೋದಳು.

ಶನಿವಾರದ ಹೊತ್ತಿಗೆ ರಾಮಸ್ವಾಮಿಗೆ ಹೊಳೆಯಿತು: ವ್ಯತ್ಯಾಸ ಕೇಳಿಸುತ್ತಿಲ್ಲವೆಂದರೆ ಎರಡೇ ಕಾರಣ. ಒಂದು, ಕಿವಿ ಸರಿಯಿಲ್ಲ. ಎರಡು, ಬೆಳ್ಳಿ ಸರಿಯಿಲ್ಲ. ಮೊದಲನೆಯದನ್ನು ಅವನು ತಕ್ಷಣ ತಳ್ಳಿಹಾಕಿದ. ಎರಡನೆಯದನ್ನು ತಾಳೆ ನೋಡಲು ನಮ್ಮ ಕಡೆಯ ಯಾವ ಗೃಹಸ್ಥನಾದರೂ ಎಲ್ಲಿಗೆ ಹೋಗುತ್ತಾನೋ ಅಲ್ಲಿಗೇ ಅವನೂ ಹೋದ. ನಗರ್ತಪೇಟೆಯಲ್ಲಿ ಆ ಮನೆಗೆ ಮೂರು ತಲೆಮಾರಿನಿಂದ ಒಡವೆ ಮಾಡಿಕೊಡುತ್ತಿದ್ದ ಆಚಾರ್ರ ಅಂಗಡಿಗೆ.

ಆಚಾರ್ರು ಇಂಚುದ್ದದ ಸ್ಯಾಂಪಲ್ಲನ್ನು ಒರೆಗಲ್ಲಿಗೆ ಉಜ್ಜಿ, ಕನ್ನಡಕ ಏರಿಸಿ, ಇಳಿಸಿ, ಇಡೀ ತಂತಿಯನ್ನು ತೂಕಕ್ಕೆ ಹಾಕಿ ಹೇಳಿದರು: "ಬೆಳ್ಳಿ ಅಪ್ಪಟ. ಒಂದು ಮಾತೂ ಆಡೋ ಹಾಗಿಲ್ಲ."

ರಾಮಸ್ವಾಮಿಗೆ ನಿರಾಶೆಯಾಯಿತು. ಆಚಾರ್ರಿಗೂ ಆಯಿತು, ಆದರೆ ಅವರ ಕಾರಣ ಬೇರೆ. ಅವನು ಬೆನ್ನು ಮಾಡಿದ ಕೂಡಲೇ ಅವರು ಫೋನೆತ್ತಿ ರಾಮಸ್ವಾಮಿಯ ತಾಯಿ ಅಂಬುಜಮ್ಮನವರಿಗೆ ಮಾಡಿದರು.

"ಅಮ್ಮಾ, ಕ್ಷಮಿಸಬೇಕು. ಮಗ ಬಂದಿದ್ರು, ಬೆಳ್ಳಿ ತಂದಿದ್ರು. ಪಾತ್ರೆ ಕರಗಿಸೋದು ನಿಮ್ಮಿಷ್ಟ, ನಾನು ಕೇಳೋನಲ್ಲ. ಆದ್ರೆ ಮೂರು ತಲೆಮಾರಿಂದ ಇದೀವಿ, ತಂತಿ ಎಳೆಯೋ ಕೆಲಸ ಹೊರಗಿನೋರಿಗೆ ಕೊಟ್ಟುಬಿಟ್ರಲ್ಲ, ಅದೊಂದು ಬೇಜಾರಾಯ್ತು."

ಅಂಬುಜಮ್ಮನವರಿಗೆ ಎಪ್ಪತ್ತೊಂದು. ಮಗನಿಗೆ ಅನುಮಾನ ಎಲ್ಲಿಂದ ಬಂತೆಂದು ಕೇಳುವವರು ಅವರನ್ನು ಒಮ್ಮೆ ನೋಡಬೇಕು. ಅವರು ಫೋನಿಟ್ಟವರೇ ಯಾರಿಗೂ ಹೇಳದೆ ಬೆಳ್ಳಿಯ ಟ್ರಂಕು ತೆಗೆದು ಎಣಿಸಿದರು. ತಟ್ಟೆ ಎರಡು, ಸರಿ. ಪಂಚಪಾತ್ರೆ, ಉದ್ಧರಣೆ, ಸರಿ. ಕುಂಕುಮದ ಬಟ್ಟಲು, ಸರಿ. ತವರಿನಿಂದ ಬಂದ ಗಿಂಡಿಗಳು ಜೋಡಿ, ಇದ್ದದ್ದು ಒಂದೇ. ಮತ್ತೆ ಎಣಿಸಿದರು. ಒಂದನ್ನು ಎಷ್ಟು ಸಲ ಎಣಿಸಿದರೂ ಒಂದೇ. ಮಲ್ಲೇಶ್ವರದ ಮಗಳಿಗೆ ಫೋನು ಹೋಯಿತು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲಲ್ಲಿ ಆಟೋ ನಿಂತು ಅಕ್ಕ ಶಿವಕುಮಾರಿ ಇಳಿದಳು. ಇಳಿಯುತ್ತಲೇ ಬೀದಿಗೆಲ್ಲ ಕೇಳುವ ಹಾಗೆ, "ಬೆಳ್ಳಿ ಮೇಲೆ ನನಗೇನೂ ಆಸೆ ಇಲ್ಲಪ್ಪ. ಆದ್ರೆ ಎಣಿಸೋವಾಗ ನಾನಿರಬೇಕು" ಎಂದಳು.

ಸ್ನಾನ ಮಾಡಿ, ಮಡಿಯುಟ್ಟು, ಪೂಜೆಗೆ ಕೂರಬೇಕಾದ ಅಂಬುಜಮ್ಮನವರು ದೇವರ ಮನೆಯ ಹೊಸಿಲಲ್ಲಿ ಮಣೆ ಹಾಕಿಕೊಂಡು ನ್ಯಾಯಾಧೀಶರ ಹಾಗೆ ಕೂತಿದ್ದರು. ರಾಮಸ್ವಾಮಿ ಪೇಪರು ಓದುತ್ತಿದ್ದ.

"ರಾಮು, ಗಿಂಡಿ ಎಲ್ಲಿ?"

"ಯಾವ ಗಿಂಡಿ?"

"ನೋಡಿದ್ಯಾ ಅಮ್ಮಾ? ಯಾವ ಗಿಂಡಿ ಅಂತಾನೆ!" ಎಂದಳು ಶಿವಕುಮಾರಿ. "ಕಳ್ಳರೆಲ್ಲ ಮೊದಲು ಕೇಳೋದೇ ಅದು. ಯಾವ ಸರ? ಯಾವ ಬಳೆ?"

"ನಿನ್ನೆ ಆಚಾರ್ರ ಅಂಗಡೀಲಿ ಏನೋ ತೂಗಿಸಿದೆಯಂತೆ?" ಎಂದರು ಅಂಬುಜಮ್ಮ.

"ಅದಾ? ಅದು ತಂತಿ. ಹೆಡ್‌ಫೋನಿಗೆ."

ಈ ಉತ್ತರ ಸತ್ಯವಾಗಿತ್ತು. ಆದರೆ ಸತ್ಯದ ತೊಂದರೆಯೆಂದರೆ, ಅದನ್ನು ಹೇಳುವವನ ಮುಖ ನೋಡಿ ಜನ ನಂಬುತ್ತಾರೆಯೇ ಹೊರತು ಅದರ ಮುಖ ನೋಡಿ ಅಲ್ಲ. ಕಿವಿಗೆ ಹಾಕಿಕೊಳ್ಳುವ ಯಂತ್ರಕ್ಕೆ ಅಪ್ಪಟ ಬೆಳ್ಳಿಯ ತಂತಿ ಎಂದು ಕೇಳಿದಾಗ ಜಾನಕಿಯೂ ಕೈಯಲ್ಲಿದ್ದ ಸೊಪ್ಪು ಬಿಟ್ಟು ಅಡುಗೆಮನೆ ಬಾಗಿಲಿಗೆ ಬಂದಳು.

"ಏನೂಂದ್ರೆ, ಹದಿನೈದು ವರ್ಷದಿಂದ ಒಂದು ಜೊತೆ ಕಾಲುಂಗುರ ಕೇಳ್ತಿದೀನಿ."

"ಟ್ರಯಲ್ಲು ಕಣೆ! ನಾಳೆ ವಾಪಸ್ ಕೊಡಬೇಕು!"

"ಬೆಳ್ಳೀನ ಯಾರು ಟ್ರಯಲ್ಲಿಗೆ ಕೊಡ್ತಾರೆ?" ಎಂದಳು ಶಿವಕುಮಾರಿ. "ನಾವೂ ಊರಲ್ಲೇ ಇದೀವಿ. ನಮಗೆ ಯಾರೂ ಕೊಟ್ಟಿಲ್ಲ."

ನಿಜ ಹೇಳಬೇಕೆಂದರೆ ಈ ಮಾತು ರಾಮಸ್ವಾಮಿಗೂ ಸರಿಯೆನ್ನಿಸಿತು. ಅವನು ಆ ಕೌಂಟರಿನಾಚೆ ಇದ್ದಿದ್ದರೆ ಅವನೂ ನಂಬುತ್ತಿರಲಿಲ್ಲ.

ಇಷ್ಟರಲ್ಲಿ ಗಲಾಟೆ ಕೇಳಿ ಪಕ್ಕದ ಮನೆಯ ಬಚ್ಚಪ್ಪ ಬಂದ. ಬಚ್ಚಪ್ಪನಿಗೆ ಕೃಷ್ಣರಾಜ ಮಾರುಕಟ್ಟೆಯಲ್ಲಿ ತರಕಾರಿ ಮಂಡಿ. ಜಗತ್ತಿನ ಯಾವ ಜಗಳವಾದರೂ ತಕ್ಕಡಿಯಲ್ಲಿ ತೀರುತ್ತದೆಂಬುದು ಅವನ ನಂಬಿಕೆ.

"ಅದಕ್ಯಾಕೆ ಸಾಮಿ ಇಷ್ಟು ರಾದ್ಧಾಂತ? ಜೋಡಿ ಗಿಂಡಿ ತಾನೆ? ಇರೋದನ್ನ ಒಂದು ಕಡೆ ಇಡೋದು, ವೈರನ್ನ ಒಂದು ಕಡೆ ಇಡೋದು. ಸಮ ಬಂದ್ರೆ ನೀವು ಕಳ್ಳರು. ಬರ್ದಿದ್ರೆ ಅಲ್ಲ. ಮುಗೀತು!"

ಅಂಬುಜಮ್ಮನವರು ಒಪ್ಪಿದರು. ಬಚ್ಚಪ್ಪ ಮನೆಗೆ ಓಡಿ ತಕ್ಕಡಿ ತಂದ. ತಕ್ಕಡಿ ತಂದವನು ಕಲ್ಲುಗಳನ್ನು ಮಂಡಿಯಲ್ಲೇ ಬಿಟ್ಟಿದ್ದರಿಂದ ಜೇಬಿಗೆ ನಾಲ್ಕು ಆಲೂಗೆಡ್ಡೆ ಹಾಕಿಕೊಂಡು ಬಂದಿದ್ದ. ಒಂದು ತಟ್ಟೆಯಲ್ಲಿ ಗಿಂಡಿ ಇಟ್ಟರು. ಇನ್ನೊಂದರಲ್ಲಿ ರಾಮಸ್ವಾಮಿ ರೇಷ್ಮೆ ಹೊದಿಕೆಯ ತಂತಿಯನ್ನು ಸುರುಳಿ ಸುತ್ತಿ ಇಟ್ಟ. ಗಿಂಡಿ ಧಡಕ್ಕೆಂದು ಕೆಳಗಿಳಿಯಿತು. ತಂತಿ ಮೇಲೆ ಹೋಗಿ ತೂಗಾಡಿತು.

"ನೋಡಿದ್ರಾ?" ರಾಮಸ್ವಾಮಿ ಎದೆಯುಬ್ಬಿಸಿದ. "ಅರ್ಧವೂ ಇಲ್ಲ!"

ಅಲ್ಲಿಗೇ ಬಿಟ್ಟಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ಬಚ್ಚಪ್ಪ ಮುಳ್ಳು ಸಮನಾಗದ ತಕ್ಕಡಿಯನ್ನು ಕೆಳಗಿಡುವ ಪೈಕಿಯವನಲ್ಲ. ತಂತಿಯ ಮೇಲೆ ಒಂದು ಆಲೂಗೆಡ್ಡೆ ಇಟ್ಟ. ಇನ್ನೊಂದು ಇಟ್ಟ. ಮೂರನೆಯದಕ್ಕೆ ಮುಳ್ಳು ನೆಟ್ಟಗೆ ನಿಂತಿತು.

"ಒಂದು ವೈರು, ಮೂರು ಆಲೂಗೆಡ್ಡೆ. ಸಮ!" ಎಂದು ಘೋಷಿಸಿದ.

 ಶಿವಕುಮಾರಿ ಮೆಲ್ಲಗೆ ಕೇಳಿದಳು: "ಹಾಗಾದ್ರೆ ಮಿಕ್ಕ ಮೂರು ಆಲೂಗೆಡ್ಡೆ ಬೆಳ್ಳಿ ಎಲ್ಲಿ ರಾಮು?"

 ನಿರಪರಾಧಿ ಎಂದು ತೋರಿಸಲು ಹೊರಟವನ ಮೇಲೆ ಈಗ ಕಳವಿನ ಜೊತೆಗೆ ಕಳವಿನ ಮಾಲಿನಲ್ಲಿ ಕಳವು ಮಾಡಿದ ಆರೋಪವೂ ಬಂದಿತ್ತು. "ಬೀರು ಬೀಗದ ಕೈ ಕೊಡು ಜಾನಕಿ" ಎಂದು ಶಿವಕುಮಾರಿ ಸೆರಗು ಸಿಕ್ಕಿಸಿದಳು.

ಆಗ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ಲಕ್ಕಮ್ಮ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ನಿಂತಳು. ಅವಳು ಆ ಮನೆಗೆ ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು.

"ಅಮ್ಮಾವ್ರೇ, ನೀವು ಹುಡುಕ್ತಿರಾದು ಮೂತಿ ಉದ್ದ ಇರೋ ಚೊಂಬಾ?"

"ಹ್ಞೂಂ. ನಿನಗೆ ಹೇಗೆ ಗೊತ್ತು?" ಅಂಬುಜಮ್ಮನವರ ಕಣ್ಣು ಕಿರಿದಾಯಿತು.

"ನಾನ್ ಕೆಲ್ಸಕ್ ಬಂದ ಮೊದಲ್ನೇ ದಿನ, ನಾನೆಲ್ಲಿ ಹೊಡ್ಕೊಂಡೋಯ್ತೀನೋ ಅಂತ ನೀವೇ ಅಕ್ಕಿ ಡಬ್ಬದಾಗೆ ಹೂತಾಕಿದ್ರಲ್ಲ? ಕಿಟಕೀಲಿ ಕಾಣ್ತಿತ್ತು. ಆವತ್ತೇ ಹೇಳೋಣ ಅಂತಿದ್ದೆ, ಕಾಣ್ತದೆ ಇನ್ನೂ ಒಳಕ್ ತಳ್ಳಿ ಅಂತ. ನಿಮಗ್ಯಾಕೆ ಬೇಜಾರು ಅಂತ ಸುಮ್ಕಾದೆ."

ಜಾನಕಿ ಒಳಗೆ ಹೋಗಿ ಅಕ್ಕಿ ಡಬ್ಬಕ್ಕೆ ಮೊಣಕೈ ತನಕ ಕೈಹಾಕಿದಳು. ಗಿಂಡಿ ಬಂತು, ಬಾಯಿತುಂಬ ಅಕ್ಕಿ ತುಂಬಿಕೊಂಡು. ಶಿವಕುಮಾರಿ ಸಿಕ್ಕಿಸಿದ ಸೆರಗನ್ನು ಬಿಚ್ಚಿದಳು. ಬಚ್ಚಪ್ಪ ತಕ್ಕಡಿಯನ್ನು ಹಾಗೆಯೇ ಬಾಗಿಲ ಬಳಿ ಕೆಳಗಿಟ್ಟು ಛಾವಣಿ ನೋಡಿದ.

ಅಂಬುಜಮ್ಮನವರು ಸೋಲೊಪ್ಪುವವರಲ್ಲ. "ಸರಿ, ಗಿಂಡಿ ಸಿಕ್ತು. ಈಗ ಲಕ್ಕಮ್ಮನಿಗೆ ಬಿಸಿ ಕಾಫಿ ಕೊಡೇ ಜಾನಕಿ, ಲೋಟದ ತುಂಬ ಕೊಡು" ಎಂದು ತೀರ್ಪನ್ನು ಬದಿಗೆ ಸರಿಸಿ, ಮಗನತ್ತ ತಿರುಗಿದರು. "ಆದ್ರೂ ಐವತ್ತು ವರ್ಷದೋನಿಗೆ ಬೆಳ್ಳಿ ತಂತಿ ಯಾಕೆ ಬೇಕಾಯ್ತು? ಅದು ಹೇಳು."

ಮೂವತ್ತು ವರ್ಷ ಒಳಗಿಟ್ಟುಕೊಂಡದ್ದನ್ನು ತರಕಾರಿಯವನ ಎದುರು, ಪಾತ್ರೆ ತೊಳೆಯುವವಳ ಎದುರು ರಾಮಸ್ವಾಮಿ ಹೇಳಿದ. ಹೇಳುವಾಗ ನೆಲ ನೋಡುತ್ತಿದ್ದ.

"ನಾನು ಪದ್ಯ ಓದಿದ ದಿನದ ಕ್ಯಾಸೆಟ್ಟಲ್ಲಿ ಒಂದು ಟಪ್ ಇದೆ. ಅಪ್ಪ ತೊಡೆ ತಟ್ಟಿದ್ರೋ ಸೊಳ್ಳೆ ಹೊಡೆದ್ರೋ ಅಂತ ತಿಳ್ಕೋಬೇಕಿತ್ತು."

 ಎಲ್ಲರೂ ಒಟ್ಟಿಗೆ, "ಎಲ್ಲಿ, ಹಾಕಿ ನೋಡೋಣ" ಎಂದರು.

ರಾಮಸ್ವಾಮಿ ಕ್ಯಾಸೆಟ್ಟನ್ನು ಹುಡುಕಿ, ಆ ಪದ್ಯದ ತನಕ ಸುತ್ತಿದ. ಅಷ್ಟರಲ್ಲಿ ಜಾನಕಿ ಮೇಜಿನ ಮೇಲಿದ್ದ ತಂತಿಯನ್ನು ತೆಗೆದು ಹೆಡ್‌ಫೋನಿಗೂ ಟೇಪಿಗೂ ಸಿಕ್ಕಿಸಿದಳು. ಮೊದಲು ಬಚ್ಚಪ್ಪ ಕೇಳಿದ.

"ಆಹಾ! ಬೆಳ್ಳಿ ಅಂದ್ರೆ ಬೆಳ್ಳಿ ಕಣ್ ಸಾಮಿ! ಕಿವೀಲಿ ದೀಪ ಹಚ್ಚಿದಂಗದೆ. ಸದ್ದು ಮಾತ್ರ ಸೊಳ್ಳೇದೇ. ತೊಡೆ ತಟ್ಟಿದ್ರೆ ಧಪ್ ಅಂತದೆ. ಇದು ಟಪ್. ದಿನಾ ಮಂಡೀಲಿ ಹೊಡೀತೀನಿ, ನಂಗೊತ್ತಿಲ್ವಾ?"

ಶಿವಕುಮಾರಿ ಕೇಳಿದಳು. "ಸೊಳ್ಳೆಯಲ್ಲ, ಮಣ್ಣೂ ಅಲ್ಲ. ಅಪ್ಪ ನಶ್ಯದ ಡಬ್ಬಿ ಮುಚ್ಚಿದ್ದು. ನಾನು ದೇವರನಾಮ ಹೇಳಿದಾಗಲೂ ಮುಗಿಯೋಕೆ ಮುಂಚೆ ಹೀಗೇ ಮುಚ್ತಿದ್ರು." ಹೇಳುವಾಗ ಅವಳ ದನಿಯಲ್ಲಿ ಹಳೆಯ ಕಹಿಯೊಂದು ಸುಳಿಯಿತು.

ಜಾನಕಿ ಕೇಳಿ, ಹಲ್ಲಿ ಲೊಚಗುಟ್ಟಿದ್ದು ಎಂದಳು. ಅದೂ ಶುಭವೇ ಎಂದು ಸೇರಿಸಿದಳು.

ರಾಮಸ್ವಾಮಿ ನೋಟ್‌ಬುಕ್ಕಿನಲ್ಲಿ ಇನ್ನೆರಡು ಕಾಲಂ ಎಳೆದ. ಒಂದು ತೊಡೆಗೆ ಒಂದು ಸೊಳ್ಳೆ ಎದುರಾಳಿ ಎಂದುಕೊಂಡಿದ್ದ. ಈಗ ಡಬ್ಬಿ, ಹಲ್ಲಿ ಎರಡೂ ಕಣಕ್ಕಿಳಿದಿದ್ದವು.

"ನನಗೂ ಕೊಡಿ" ಎಂದರು ಅಂಬುಜಮ್ಮ.

"ಅಮ್ಮ, ನೀವು ಮಡೀಲಿದೀರಿ" ಎಂದಳು ಜಾನಕಿ. "ಕಿವಿ ಮೇಲೆ ಕೂರೋದು ಚರ್ಮ."

"ಚರ್ಮಕ್ಕೆ ಪಟ್ಟೆ ಸುತ್ತಿದ್ರಾಯ್ತು. ನಿಮ್ಮಾವನವರ ಹಳೇ ಪಟ್ಟೆ ಮಡಿ ದೇವರ ಮನೇಲಿದೆ, ನಾನೇ ತಗೋತೀನಿ." ಎದ್ದು ಹೋಗಿ ತಂದರು. ಹೆಡ್‌ಫೋನಿನ ಎರಡು ಬಟ್ಟಲಿಗೂ, ತಲೆಯ ಮೇಲಿನ ಪಟ್ಟಿಗೂ ಕೆಂಪು ರೇಷ್ಮೆಯನ್ನು ದಪ್ಪಗೆ ಸುತ್ತಿದರು. ಕೆನ್ನೆಗೆ ತಾಗುವ ಹಾಗೆ ಇಳಿಬಿದ್ದಿದ್ದ ಬಿಳಿಯ ತಂತಿಯನ್ನು ನೋಡಿ ಕೈ ತಡೆದರು.

"ರಾಮು, ಇದು ಬೆಳ್ಳೀದೇ ತಾನೆ?"

"ಆಚಾರ್ರೇ ಒರೆಗೆ ಹಚ್ಚಿ ಹೇಳಿದಾರಲ್ಲಮ್ಮ."

"ಹೊದಿಕೆ?"

"ಅಪ್ಪಟ ರೇಷ್ಮೆ."

"ಬೆಳ್ಳಿಗೂ ರೇಷ್ಮೆಗೂ ಮೈಲಿಗೆ ಇಲ್ಲ. ಮಡಿಗೆ ಬರತ್ತೆ."

ಬೆಳ್ಳಿಯ ತಂತಿ ಮೇಲೋ ತಾಮ್ರದ ತಂತಿ ಮೇಲೋ ಎಂದು ಲೋಕದ ದೊಡ್ಡ ದೊಡ್ಡ ಕಿವಿಗಳು ಜಗಳವಾಡಿಕೊಂಡು ಕೂತಿವೆಯಂತೆ. ಅವರಾರೂ ಅಂಬುಜಮ್ಮನವರನ್ನು ಕೇಳಲಿಲ್ಲ. ಕೇಳಿದ್ದರೆ ವ್ಯತ್ಯಾಸ ಎಲ್ಲಿದೆಯೆಂದು ಒಂದು ಮಾತಿನಲ್ಲಿ ಹೇಳಿ ಪೂಜೆಗೆ ಏಳುತ್ತಿದ್ದರು.

ಅವರು ಕೆಂಪು ರೇಷ್ಮೆಯ ಮುಂಡಾಸಿನಂತಿದ್ದ ಅದನ್ನು ತಲೆಗೇರಿಸಿಕೊಂಡು ಕಣ್ಣು ಮುಚ್ಚಿದರು. ಪದ್ಯಕ್ಕೆ ಮುಂಚೆ ಕ್ಯಾಸೆಟ್ಟಿನಲ್ಲಿ ಶ್ರೀನಿವಾಸಯ್ಯನವರ ಒಂದು ಕೆಮ್ಮು ಇದೆ. ಅಲ್ಲಿಗೆ ಬಂದಾಗ ಅಂಬುಜಮ್ಮನವರ ಕೈ ತಾನಾಗಿ ಸೆರಗನ್ನು ಸರಿಮಾಡಿಕೊಂಡಿತು. ಆಮೇಲೆ ಮಗನ ಇಪ್ಪತ್ತರ ದನಿ. ತುಟಿ ಜೊತೆಯಲ್ಲೇ ಆಡಿತು. ಪದ್ಯ ಮುಗಿಯಿತು. ರಾಮಸ್ವಾಮಿ ಅಮ್ಮನ ಮುಖದತ್ತ ಬಗ್ಗಿದ.

ಅಂಬುಜಮ್ಮನವರು ಕಣ್ಣು ಬಿಟ್ಟು, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಅಯ್ಯೋ ಪೆದ್ದೇ! ಇದು ನಾನಲ್ವೇನೋ!"

"ನೀನಾ?"

"ನೆಟಿಕೆ ಮುರಿದದ್ದು ಕಣೋ! ಅಷ್ಟು ಚೆನ್ನಾಗಿ ಓದಿದೆ, ಮನೆ ತುಂಬ ಜನ, ಎಲ್ಲರ ಕಣ್ಣೂ ನಿನ್ನ ಮೇಲೆ. ದೃಷ್ಟಿಯಾಗತ್ತೆ ಅಂತ ಅಡುಗೆಮನೆ ಬಾಗಿಲ ಹಿಂದೆ ನಿಂತು..." ಎಂದು ಮಗನತ್ತ ದೂರದಿಂದಲೇ, ಮುಟ್ಟದೆ, ಗಾಳಿಯಲ್ಲಿ ಕೈ ನೀವಿ, ಬೆರಳುಗಳನ್ನು ತಮ್ಮ ಹಣೆಯ ಪಕ್ಕಕ್ಕೆ ಒತ್ತಿದರು. ಟಪ್.

ಅದೇ ಸದ್ದು. ಬೆಳ್ಳಿಯೂ ಬೇಡ, ತಾಮ್ರವೂ ಬೇಡ, ಬಚ್ಚಪ್ಪನಿಗೂ ಗೊತ್ತಾಯಿತು.

ರಾಮಸ್ವಾಮಿ ತಾಳೆ ನೋಡುವವನಲ್ಲವೇ, ಅಷ್ಟಕ್ಕೇ ಬಿಡಲಿಲ್ಲ. "ಎರಡು ಕೈಯಲ್ಲಿ ಮುರಿದ್ರೆ ಟಪಟಪ ಅಂತ ಹತ್ತು ಕೇಳಬೇಕು. ಒಂದೇ ಇದೆಯಲ್ಲ?"

"ಈ ಕೈಲಿ ಒಂದೇ ಬೆರಳು ಮುರೀತು, ಇನ್ನೊಂದು ಕೈಲಿ ಒಗ್ಗರಣೆ ಸೌಟಿತ್ತು. ಕೋಸಂಬರಿಗೆ."

"ಮೂವತ್ತು ವರ್ಷ ಯಾಕಮ್ಮ ಹೇಳಲಿಲ್ಲ?"

"ನೀನು ಕೇಳಿದ್ಯಾ?"

ಕೇಳಿರಲಿಲ್ಲ. ನಡುಮನೆಯಲ್ಲಿದ್ದವರನ್ನೆಲ್ಲ ಕೇಳಿದ್ದ. ಅಡುಗೆಮನೆಯಲ್ಲಿ ಕಿವಿಗಳಿದ್ದವು ಎಂಬುದು ಅವನಿಗೆ ಹೊಳೆದಿರಲೇ ಇಲ್ಲ. ಯಂತ್ರ ಆ ಬಾಗಿಲ ಪಕ್ಕದಲ್ಲೇ ಇದ್ದರೂ.

"ಹಾಗಾದ್ರೆ ಅಪ್ಪ..." ಎಂದ. ಅವನ ದನಿ ಇಪ್ಪತ್ತಕ್ಕೆ ಇಳಿದಿತ್ತು. "ಅಪ್ಪ ಏನೂ ಮಾಡಲಿಲ್ವಾ?"

ಅಂಬುಜಮ್ಮನವರು ಒಂದು ಕ್ಷಣ ತಡೆದರು. "ಅವರಾ? ಅವರೇ ಕಣೋ ಹೇಳಿದ್ದು. ನೀನು ನಿಲ್ಲಿಸಿದ ಕೂಡಲೇ ಕಂಬದ ಹತ್ರದಿಂದ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ್ರು. ಮಗೂಗೆ ದೃಷ್ಟಿ ತೆಗಿ ಅಂತ. ಅವರು ಹೇಳದಿದ್ರೆ ಉರಿಯೋ ಒಲೆ ಬಿಟ್ಟು ನಾನ್ಯಾಕೆ ಬಾಗಿಲಿಗೆ ಬರ್ತಿದ್ದೆ?"

ರಾಮಸ್ವಾಮಿಯ ಮುಖ ಅರಳಿತು. ಅರಳಿ, ಅರ್ಧಕ್ಕೆ ನಿಂತಿತು. ಆ ಒಂದು ಕ್ಷಣದ ತಡೆ ಅವನ ಕಣ್ಣಿಗೆ ಬಿದ್ದಿತ್ತು. ಗಿಂಡಿಯ ವಿಷಯದಲ್ಲಿ ಸಿಕ್ಕಿಬಿದ್ದ ತಾಯಿ, ಮಗನನ್ನು ಕಳ್ಳನೆಂದ ಪಾಪಕ್ಕೆ ಈಗ ಕಟ್ಟಿ ಹೇಳುತ್ತಿದ್ದರೆ? ಕಂಬದ ಬಳಿಯಿಂದ ಅಡುಗೆಮನೆ ಬಾಗಿಲು ಹನ್ನೆರಡು ಅಡಿಯಾದರೂ ಇದೆ. ಅಷ್ಟು ದೂರಕ್ಕೆ ಹುಬ್ಬು ಕಂಡೀತೇ? ಕಂಡರೂ ಅದರ ಅರ್ಥ ತಿಳಿದೀತೇ? ಅವನು ಮೆಲ್ಲಗೆ ಹೋಗಿ ಅಪ್ಪ ಕೂರುತ್ತಿದ್ದ ಕಂಬದ ಬಳಿ ನಿಂತು ಅಳೆಯತೊಡಗಿದ.

"ಏನೇ ಅನ್ನು ರಾಮು, ಬೆಳ್ಳಿ ಬೆಳ್ಳೀನೇ" ಎನ್ನುತ್ತಿದ್ದರು ಅಂಬುಜಮ್ಮ. "ಬೇರೆ ತಂತಿಯಾಗಿದ್ರೆ ನನ್ನ ನೆಟಿಕೆ ಇಷ್ಟು ಸ್ಪಷ್ಟ ಕೇಳ್ತಿತ್ತಾ? ಬೆಳ್ಳಿ ಮನೆಗೆ ಬಂದ್ರೆ ಮೊದಲು ದೇವರ ಮುಂದಿಡಬೇಕು." ಹೆಡ್‌ಫೋನನ್ನು ತೆಗೆದು ದೇವರ ಮುಂದಿಟ್ಟು, ಬಿಳಿಯ ತಂತಿಗೆ ಉದ್ದಕ್ಕೂ ಅಲ್ಲಲ್ಲಿ ಕುಂಕುಮವಿಟ್ಟು, ಅಕ್ಷತೆ ಹಾಕಿದರು.

ಆಗ ಬಚ್ಚಪ್ಪ ಮನೆಗೆ ಹೊರಟು ತಕ್ಕಡಿಯತ್ತ ಬಗ್ಗಿದ. ಬಗ್ಗಿದವನು ಹಾಗೇ ನಿಂತ. ಕಂಬದ ಬಳಿಯಿದ್ದ ರಾಮಸ್ವಾಮಿಯೂ ಅತ್ತ ನೋಡಿದ. ತಕ್ಕಡಿಯ ತಟ್ಟೆಯಲ್ಲಿ, ಮೂರು ಆಲೂಗೆಡ್ಡೆಗಳ ಕೆಳಗೆ, ಹದಿನಾಲ್ಕು ಸಾವಿರದ ಬೆಳ್ಳಿ ಸುರುಳಿ ಸುತ್ತಿಕೊಂಡು ಹಾಯಾಗಿ ಮಲಗಿತ್ತು. ದೇವರ ಮುಂದೆ ಕುಂಕುಮ ಹಚ್ಚಿಸಿಕೊಳ್ಳುತ್ತಿದ್ದದ್ದು ಬೂಟಿನ ಲಾಡಿ. ಅದೀಗ ಮಡಿಯುಟ್ಟ ಅಮ್ಮನ ಕೆನ್ನೆಗೆ ತಾಗಿ ಬಂದಿತ್ತು. ಅಮ್ಮ ಮಗನ ಮಾತು ನಂಬಿದ್ದರು, ತಾಳೆ ನೋಡಿರಲಿಲ್ಲ.

"ಸಾಮೀ, ವೈರು ಇಲ್ಲೇ..." ಎಂದು ಬಚ್ಚಪ್ಪ ಬಾಯಿ ತೆರೆದ.

ರಾಮಸ್ವಾಮಿಗೆ ಏನು ಮಾಡಬೇಕೆಂದು ತಿಳಿಯದೆ ತಲೆಯೆತ್ತಿ, ಹನ್ನೆರಡು ಅಡಿ ದೂರದ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಜಾನಕಿಯತ್ತ ನೋಡಿ, ಒಂದು ಸಲ ಹುಬ್ಬು ಹಾರಿಸಿದ.

ಅಷ್ಟೇ. ಜಾನಕಿ ಸರಸರನೆ ಬಂದಳು. "ಬಚ್ಚಪ್ಪನವರೇ, ಆ ಆಲೂಗೆಡ್ಡೆ ಇಲ್ಲೇ ಇರ್ಲಿ ಬಿಡಿ, ಇವತ್ತಿನ ಹುಳಿಗಾಯ್ತು" ಎಂದು, ಬೆಳ್ಳಿಯನ್ನೂ ಗೆಡ್ಡೆಗಳನ್ನೂ ಒಂದೇ ಸಲಕ್ಕೆ ಸೆರಗಿಗೆ ಬಾಚಿಕೊಂಡು, ಏನೂ ಆಗದವಳಂತೆ ಒಳಗೆ ಹೋದಳು.

ರಾಮಸ್ವಾಮಿ ಕಂಬಕ್ಕೆ ಒರಗಿದ. ಅಪ್ಪ ಒರಗುತ್ತಿದ್ದ ಜಾಗ ಸ್ವಲ್ಪ ನುಣುಪಾಗಿತ್ತು. ಹನ್ನೆರಡು ಅಡಿ, ಒಂದು ಹುಬ್ಬು, ಅಡುಗೆಮನೆಯ ಬಾಗಿಲು: ತಾಳೆಯಾಯಿತು.

ದೇವರ ಮನೆಯಿಂದ ಗಂಟೆಯ ಸದ್ದು ಬಂತು. ರಾಮಸ್ವಾಮಿ ಹೋಗಿ, ಕಣ್ಣು ಮುಚ್ಚಿ, ಬೂಟಿನ ಲಾಡಿಗೆ ಭಕ್ತಿಯಿಂದ ಕೈಮುಗಿದ.